ಫ್ರೀ ಬೆಟ್ಟಿಂಗ್ ಟಿಪ್ಸ್ ನಂಬಿದರೆ ತಪ್ಪೇನು?

ನಿಮ್ಮ ಪ್ರಶ್ನೆ ಇಷ್ಟು: ಟಿಪ್ಸ್ ಕೊಡುವ ಒಂದು ಚಾನೆಲ್ ಫಾಲೋ ಮಾಡ್ತಿದ್ದೀರಿ, ನಾಲ್ಕರಲ್ಲಿ ಮೂರು ಸರಿ ಬರುತ್ತಿದೆ, ಅವರು ಒಂದು ಪೈಸೆಯನ್ನೂ ಕೇಳುವುದಿಲ್ಲ, ಹಾಗಿದ್ದಮೇಲೆ ನಂಬಿದರೆ ನಷ್ಟವೇನು, ಮತ್ತು ಅವರದೇ ವಿಐಪಿ ಗ್ರೂಪ್‌ಗೆ ಸೇರಬಹುದಾ ಅಂತ.

ಮೊದಲು ಆ ‘ನಾಲ್ಕರಲ್ಲಿ ಮೂರು’ ನೋಡೋಣ. ಎಷ್ಟು ಸಲ ಗೆದ್ದರು ಅನ್ನೋದೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಯಾವ ಆಡ್ಸ್‌ಗೆ ಗೆದ್ದರು ಅನ್ನೋದೂ ಬೇಕು. ಆಡ್ಸ್ ಅಂದರೆ ಗೆದ್ದಾಗ ಅಸಲೂ ಸೇರಿ ಕಟ್ಟಿದ್ದರ ಎಷ್ಟು ಪಟ್ಟು ಕೈಗೆ ಬರುತ್ತದೆ ಅನ್ನುವ ಸಂಖ್ಯೆ. ಇಂಥ ಚಾನೆಲ್‌ಗಳು ಜಾಸ್ತಿ ಕೊಡುವುದು ದೊಡ್ಡ ಫೇವರಿಟ್‌ಗಳನ್ನೇ. ಆಡ್ಸ್ 1.25 ಇದೆ ಅಂದುಕೊಳ್ಳಿ. 100 ಕಟ್ಟಿ ಗೆದ್ದರೆ ಲಾಭ 25, ಸೋತರೆ ಹೋಗುವುದು ಪೂರ್ತಿ 100. ಹೀಗೆ ನೂರು ಸಲ ಕಟ್ಟಿ 75 ಸಲ ಗೆದ್ದಿರಿ. ಬಂದದ್ದು 1875. ಹೋದದ್ದು 2500. ನಾಲ್ಕರಲ್ಲಿ ಮೂರು ಸರಿ ಬಂದೂ 625 ಕೈಬಿಟ್ಟಿತು. ಈ ಆಡ್ಸ್‌ನಲ್ಲಿ ಅಸಲು ಉಳಿಯಬೇಕಾದರೇ ನೂರಕ್ಕೆ 80 ಗೆಲ್ಲಬೇಕು. ಇದನ್ನು ಯಾವ ಚಾನೆಲ್‌ನವರೂ ಪೋಸ್ಟರ್ ಮಾಡಿ ಹಾಕುವುದಿಲ್ಲ, ಅಲ್ವಾ.

ಈಗ ‘ಫ್ರೀ’ ವಿಚಾರ. ದಿನಾ ಕೂತು ಟಿಪ್ಸ್ ಹಾಕುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಟಿಪ್ ಕೆಳಗೆ ‘ಇಲ್ಲಿ ಖಾತೆ ತೆರೆಯಿರಿ’ ಅನ್ನುವ ಲಿಂಕ್ ಇದ್ದರೆ, ಅಥವಾ ಬೋನಸ್ ಕೋಡ್ ಇದ್ದರೆ, ಉತ್ತರ ಅಲ್ಲೇ ಇದೆ. ಬೆಟ್ಟಿಂಗ್ ಕಂಪನಿಗಳು ಹೀಗೆ ಜನರನ್ನು ಕರೆತರುವವರಿಗೆ ಕಮಿಷನ್ ಕೊಡುತ್ತವೆ. ಕೆಲವು ಕಡೆ ತಲೆಗೆ ಇಷ್ಟು ಅಂತ ಒಂದೇ ಸಲ. ಇನ್ನು ಕೆಲವು ಕಡೆ ಆ ಲಿಂಕ್‌ನಿಂದ ಬಂದವರು ಸೋತ ದುಡ್ಡಿನಲ್ಲಿ ತಿಂಗಳು ತಿಂಗಳು ಪಾಲು. ಈ ಎರಡನೆಯದನ್ನು ಸ್ವಲ್ಪ ಯೋಚಿಸಿ ನೋಡಿ. ನೀವು ಗೆದ್ದರೆ ಅವರಿಗೆ ಪಾಲಿಲ್ಲ, ನೀವು ಸೋತರೆ ಉಂಟು. ಎಲ್ಲರೂ ಬೇಕಂತಲೇ ಕೆಟ್ಟ ಟಿಪ್ ಕೊಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಅಷ್ಟು ಕಷ್ಟಪಡುವ ಅಗತ್ಯವೇ ಅವರಿಗಿಲ್ಲ. ನೀವು ದಿನಾ ಕಟ್ಟುತ್ತಿದ್ದರೆ ಸಾಕು. ಅದಕ್ಕೇ ಅಲ್ಲಿ ‘ಇವತ್ತು ಒಳ್ಳೆ ಪಂದ್ಯ ಯಾವುದೂ ಇಲ್ಲ, ಸುಮ್ಮನಿರಿ’ ಅನ್ನುವ ಪೋಸ್ಟ್ ಕಾಣುವುದು ಅಪರೂಪ.

ದಿನಾ ಕಟ್ಟುತ್ತಿದ್ದರೆ ಸಾಕು ಅಂತ ಯಾಕೆ ಅಂದೆ ಅಂದರೆ, ಆಡ್ಸ್ ಒಳಗೇ ಕಂಪನಿಯ ಪಾಲು ಕೂತಿರುತ್ತದೆ. ಎರಡೂ ತಂಡಕ್ಕೆ ಸಮ ಅವಕಾಶ ಇರುವ ಪಂದ್ಯಕ್ಕೆ 2.00 ಕೊಡಬೇಕು. ಕೊಡುವುದು 1.90ರ ಆಸುಪಾಸು. ಅದನ್ನು ಮೀರಲು ನೂರಕ್ಕೆ 53ರಷ್ಟಾದರೂ ಗೆಲ್ಲುತ್ತಲೇ ಇರಬೇಕು. ಐದು ಪಂದ್ಯ ಸೇರಿಸಿ ಒಂದೇ ಬೆಟ್ ಮಾಡುತ್ತಾರಲ್ಲ, ಅದರಲ್ಲಂತೂ ಈ ಪಾಲು ಐದು ಸಲ ಗುಣಿಸಿಕೊಳ್ಳುತ್ತದೆ. ಐದೂ 1.90 ಆದರೆ ಸಿಗುವುದು ಸುಮಾರು 24.8 ಪಟ್ಟು. ಐದೂ ಸರಿ ಬರುವ ಸಾಧ್ಯತೆ 32ರಲ್ಲಿ ಒಂದು. ಅಂದರೆ ಕಟ್ಟುವ ಪ್ರತಿ 100ರಲ್ಲಿ ಸರಾಸರಿ 22ಕ್ಕಿಂತ ಜಾಸ್ತಿ ಹೋಗುತ್ತದೆ. ಫ್ರೀ ಚಾನೆಲ್‌ಗಳಲ್ಲಿ ಇಂಥ ಬೆಟ್ ಯಾಕಿಷ್ಟು ಅಂತ ಕೇಳಬೇಡಿ. ಗೆದ್ದ ಒಂದು ಸ್ಲಿಪ್‌ನ ಸ್ಕ್ರೀನ್‌ಶಾಟ್ ತಿಂಗಳುಗಟ್ಟಲೆ ಜನರನ್ನು ಎಳೆಯುತ್ತದೆ.

‘ಆದರೂ ಅವರ ದಾಖಲೆ ಚೆನ್ನಾಗಿದೆಯಲ್ಲ’ ಅಂತೀರಿ. ಆ ದಾಖಲೆ ಬರೆದವರು ಯಾರು? ಸೋತ ಟಿಪ್ ಡಿಲೀಟ್ ಮಾಡಬಹುದು, ಎಡಿಟ್ ಮಾಡಬಹುದು. ಇದಕ್ಕಿಂತ ಚಾಲಾಕಿನ ಒಂದು ಹಳೆಯ ಉಪಾಯವೂ ಇದೆ. 1600 ಜನರಲ್ಲಿ ಅರ್ಧಕ್ಕೆ ‘ಈ ತಂಡ ಗೆಲ್ಲುತ್ತದೆ’ ಅಂತ ಕಳಿಸುವುದು, ಉಳಿದ ಅರ್ಧಕ್ಕೆ ‘ಆ ತಂಡ’ ಅಂತ. ಯಾರಿಗೆ ತಪ್ಪು ಹೋಯಿತೋ ಅವರನ್ನು ಬಿಟ್ಟು, ಉಳಿದ 800 ಜನರನ್ನು ಮತ್ತೆ ಎರಡು ಮಾಡುವುದು. ನಾಲ್ಕು ಪಂದ್ಯ ಮುಗಿಯುವಾಗ 100 ಜನರಿಗೆ ನಾಲ್ಕಕ್ಕೆ ನಾಲ್ಕೂ ಸರಿ ಬಂದಿರುತ್ತದೆ. ಆ ನೂರರಲ್ಲಿ ನೀವೊಬ್ಬರಾಗಿದ್ದರೆ, ಕಳಿಸಿದವನು ದೇವರಂತೆ ಕಾಣದೆ ಇರುತ್ತಾನೆಯೇ?

ಮೋಸವೇ ಇಲ್ಲದಿದ್ದರೂ ಅದೃಷ್ಟ ಇದೆ. ನಾಣ್ಯ ಚಿಮ್ಮಿ ಟಿಪ್ ಕೊಡುವ ಸಾವಿರ ಜನ ಇದ್ದರೂ, ನೂರು ಟಿಪ್ ಆದಮೇಲೆ ಅವರಲ್ಲಿ ಸುಮಾರು 28 ಜನರಿಗೆ 60 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದಿರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಆ 28 ಜನರೇ. ಉಳಿದವರ ಚಾನೆಲ್ ಅಷ್ಟರಲ್ಲಿ ಮುಚ್ಚಿರುತ್ತದೆ, ಇಲ್ಲವೇ ಹೊಸ ಹೆಸರಲ್ಲಿ ಶುರುವಾಗಿರುತ್ತದೆ.

ಇನ್ನೊಂದು ತೊಂದರೆ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಟಿಪ್ ನಿಜಕ್ಕೂ ಚೆನ್ನಾಗಿಯೇ ಇತ್ತು ಅಂದುಕೊಳ್ಳಿ. ಹಾಕಿದಾಗ ಆಡ್ಸ್ 2.10. ಸಾವಿರಾರು ಜನ ಒಟ್ಟಿಗೇ ಕಟ್ಟಿದರು, ನೀವು ಮೊಬೈಲ್ ತೆಗೆಯುವ ಹೊತ್ತಿಗೆ 1.85. ಮೊದಲು ಕಟ್ಟಿದವನಿಗೆ ನೂರಕ್ಕೆ 48 ಗೆದ್ದರೂ ಅಸಲು ಬರುತ್ತಿತ್ತು. ನಿಮಗೆ 54ಕ್ಕಿಂತ ಜಾಸ್ತಿ ಬೇಕು. ಟಿಪ್ ಅದೇ, ಫಲಿತಾಂಶ ಅದೇ, ಅವನಿಗೆ ಲಾಭ, ನಿಮಗೆ ನಷ್ಟ. ಚಾನೆಲ್‌ನ ಲೆಕ್ಕದಲ್ಲಿ ಮಾತ್ರ 2.10 ಅಂತಲೇ ಇರುತ್ತದೆ. ಬೆಳಿಗ್ಗೆ ಹಾಕಿದ ಟಿಪ್‌ಗೆ ಸಂಜೆಯ ಟಾಸ್ ಗೊತ್ತಿರುವುದಿಲ್ಲ, ಮುಖ್ಯ ಬೌಲರ್ ಗಾಯವಾಗಿ ಹೊರಗೆ ಕೂತದ್ದೂ ಗೊತ್ತಿರುವುದಿಲ್ಲ. ಆದರೆ ಆಡ್ಸ್ ಇಡುವವರಿಗೆ ಅದು ಆ ಕ್ಷಣವೇ ಗೊತ್ತಾಗಿರುತ್ತದೆ.

ನನಗೆ ಎಲ್ಲಕ್ಕಿಂತ ಕೆಟ್ಟದ್ದು ಅನಿಸುವುದು ‘ಇವತ್ತಿನದು ಪಕ್ಕಾ, ನಿನ್ನೆ ಹೋದದ್ದೆಲ್ಲ ವಾಪಸ್, ಡಬಲ್ ಕಟ್ಟಿ’ ಅನ್ನುವ ಮಾತು. ಟಿಪ್ ಕೊಡುವವನಿಗೆ ನಿಮ್ಮ ಸಂಬಳ, ಸಾಲ ಯಾವುದೂ ಗೊತ್ತಿಲ್ಲ. ಎಷ್ಟು ಕಟ್ಟಬೇಕು ಅಂತ ಮಾತ್ರ ಹೇಳುತ್ತಾನೆ. ಹೋದದ್ದನ್ನು ತರಲು ಹೋಗಿ ಇನ್ನಷ್ಟು ಕಟ್ಟುವುದು ಶುರುವಾಗಿದ್ದರೆ, ಅಥವಾ ಮನೆಯವರಿಂದ ಮುಚ್ಚಿಡುತ್ತಿದ್ದರೆ, ಟಿಪ್ಸ್ ಪ್ರಶ್ನೆ ಪಕ್ಕಕ್ಕಿಡಿ. ಖಾತೆ ಬಂದ್ ಮಾಡಿಸಿ, ನಂಬುವ ಒಬ್ಬರ ಹತ್ತಿರ ಮಾತಾಡಿ.

ನಿಮ್ಮ ಚಾನೆಲ್ ಹೇಗೆ ಅಂತ ನೋಡಲೇಬೇಕಿದ್ದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಪ್ರತಿ ಟಿಪ್ಪನ್ನೂ, ನೀವು ನೋಡಿದ ಕ್ಷಣದ ಆಡ್ಸ್ ಜೊತೆ, ಪಂದ್ಯ ಶುರುವಾಗುವ ಮೊದಲೇ ಬರೆದಿಡಿ. ಡಿಲೀಟ್ ಆದವೂ ಲೆಕ್ಕಕ್ಕೆ ಬರಬೇಕು. ಕೆಲವು ನೂರು ಟಿಪ್ ಆದಮೇಲೆ ಕೂಡಿ ಕಳೆದು ನೋಡಿ. ಅಷ್ಟು ತಾಳ್ಮೆ ಇಲ್ಲ ಅನಿಸಿದರೆ ಬಿಟ್ಟುಬಿಡಿ, ಅದೂ ಒಳ್ಳೆಯದೇ.

ವಿಐಪಿ ಗ್ರೂಪ್ ಬೇಡ. ‘ಒಳಗಿನ ಸುದ್ದಿ, ಮ್ಯಾಚ್ ಫಿಕ್ಸ್ ಆಗಿದೆ’ ಅಂತ ಆಸೆ ತೋರಿಸಿದರೆ ಇನ್ನೂ ಬೇಡ. ನಿಜಕ್ಕೂ ಫಲಿತಾಂಶ ಗೊತ್ತಿರುವವನು ಅದನ್ನು ಊರಿಗೆಲ್ಲ ಮಾರಿ ತನ್ನ ಆಡ್ಸನ್ನು ತಾನೇ ಯಾಕೆ ಇಳಿಸಿಕೊಳ್ಳುತ್ತಾನೆ?