ಸುಸ್ತಾದ ದಿನಕ್ಕೆ ಉಪ್ಸಾರೇ ಸರಿ

ಅಕ್ಕಾ, ಮೈಸೂರಿಂದ ರೈಲಲ್ಲಿ ಬಂದು ಮಂಡ್ಯದಲ್ಲಿ ಇಳಿಯೋದೇ ಏಳೂವರೆ, 4 ಜನಕ್ಕೆ ರಾತ್ರಿ ಏನು ಮಾಡಲಿ, ಮಕ್ಕಳು ಮುದ್ದೆ ಮುಟ್ಟಲ್ಲ ಅಂತ ಕೇಳಿದ್ದೀರಿ. ನಾನಾದ್ರೆ ಉಪ್ಸಾರು ಮಾಡ್ತೀನಿ. ಒಂದೇ ಕುಕ್ಕರಲ್ಲಿ ಸಾರು, ಪಲ್ಯ ಎರಡೂ ಮುಗೀತು.

1 ಲೋಟ ಹೆಸರುಕಾಳು, 5 ಲೋಟ ನೀರು, 3 ವಿಷಲ್. ನೆನೆಹಾಕೋ ತಾಪತ್ರಯ ಇಲ್ಲ. ಆಮೇಲೆ ದಂಟಿನ ಸೊಪ್ಪು, ಉಪ್ಪು ಹಾಕಿ 5 ನಿಮಿಷ ಕುದಿಸಿ ಬಸಿದುಬಿಡಿ. ಬಸಿದ ಕಟ್ಟೇ ಸಾರು. ಕಾಳು-ಸೊಪ್ಪಿಗೆ ಈರುಳ್ಳಿ ಒಗ್ಗರಣೆ, ಮೇಲೊಂದಿಷ್ಟು ಕಾಯಿತುರಿ.

ಜೀವ ಇರೋದು ಖಾರದಲ್ಲಿ. ಅದನ್ನ ಭಾನುವಾರವೇ ಮಾಡಿಡಿ: ಒಣಮೆಣಸಿನಕಾಯಿ ಎಣ್ಣೇಲಿ ಉಬ್ಬೋ ತನಕ ಹುರಿದು, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿ. ನೀರು ಸೋಕಿಸಬೇಡಿ, ಒದ್ದೆ ಚಮಚ ಅದ್ದಬೇಡಿ. ಫ್ರಿಜ್ಜಲ್ಲಿ ವಾರ ಆರಾಮಾಗಿ ಇರುತ್ತೆ. ತಟ್ಟೇಲಿ ಗೋಲಿಯಷ್ಟು ಇಟ್ಟುಕೊಂಡು ಬೇಕಾದಷ್ಟೇ ಕಲಸಿಕೊಳ್ಳೋದು, ಹಂಗಾಗಿ ಮಕ್ಕಳಿಗೆ ಬೇರೆ ಸಾರು ಬೇಡ. ಅವರಿಗೆ ಬಿಸಿ ಅನ್ನ, ತುಪ್ಪ ಸಾಕು.

ಸೊಪ್ಪು ಬಿಡಿಸೋಕೆ ಕೈ ಬರದಿದ್ರೆ ಹುರುಳಿಕಾಯಿ ಹಾಕಿ, ನಡೆಯುತ್ತೆ. ದೊಡ್ಡವರ ಮುದ್ದೆಗೆ ಹಿಟ್ಟು ತಿರುವೋ ಕೋಲು ಮಾತ್ರ ಯಜಮಾನರ ಕೈಗೆ ಕೊಡಿ. ನಮ್ಮನೇಲಿ ಮೊದಲ ವಾರ ಬರೀ ಗಂಟು, ಈಗ ನನಗಿಂತ ಅವರದ್ದೇ ನಯ.