ಸಂದೇಶ ಅಳಿಸುವ ಕಿಣ್ವ ಶತ್ರುವಲ್ಲ

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಡಿಸಿಪಿ-2 ಎಂಬ ಕಿಣ್ವದ ಹೆಸರು ಓದಿ, "ಜೀವಕೋಶ ಕಷ್ಟಪಟ್ಟು ತಯಾರಿಸಿದ ಎಂಆರ್‌ಎನ್‌ಎಯನ್ನು ಇದು ಹಾಳು ಮಾಡುವುದಾದರೆ, ಔಷಧ ಕೊಟ್ಟು ಇದನ್ನೇ ತಡೆಯಬಾರದೇ?" ಎಂದು ಕೇಳಿದ್ದೀರಿ. ಅಮೆರಿಕದಲ್ಲಿರುವ ಮಗ ಹಾಕಿಸಿಕೊಂಡ ಫೈಜರ್‌ನ ಕೋವಿಡ್ ಲಸಿಕೆಯ ಎಂಆರ್‌ಎನ್‌ಎ ಮೈಯಲ್ಲೇ ಉಳಿದುಬಿಡುವುದೇ ಎಂಬ ಆತಂಕವನ್ನೂ ಬರೆದಿದ್ದೀರಿ.

ಮೊದಲು ಆ ಕಿಣ್ವದ ಕೆಲಸ ನೋಡೋಣ. ಯಾವ ಪ್ರೋಟೀನ್ ತಯಾರಿಸಬೇಕೆಂದು ಜೀನ್‌ನಿಂದ ಬರುವ ಸಂದೇಶವೇ ಎಂಆರ್‌ಎನ್‌ಎ. ಎಂಆರ್‌ಎನ್‌ಎಯ ಮುಂತುದಿಯಲ್ಲಿ ಮೂರು ಫಾಸ್ಫೇಟುಗಳ ಮೂಲಕ ತಲೆಕೆಳಗಾಗಿ ಅಂಟಿಕೊಂಡ, ಗ್ವಾನೋಸಿನ್ ಎಂಬ ಒಂದು ಆರ್‌ಎನ್‌ಎ ಅಕ್ಷರ ಇರುತ್ತದೆ. ಅದೇ ಅದರ ಟೋಪಿ. ಹಿಂತುದಿಯಲ್ಲಿ ಅಡೆನಿನ್ ಎಂಬ ಅಕ್ಷರವೇ ಸುಮಾರು 200 ಸಲ ಬರುವ ಬಾಲ. ಮೊದಲು ಸವೆಯುವುದು ಬಾಲ. ಅದು ಮೋಟಾದ ಮೇಲೆ ಡಿಸಿಪಿ-2 ಬಂದು, ಟೋಪಿಯನ್ನು ಎರಡು ಫಾಸ್ಫೇಟುಗಳ ಸಮೇತ ಕತ್ತರಿಸುತ್ತದೆ. ಆರ್‌ಎನ್‌ಎಯ ತುದಿಯಲ್ಲಿ ಉಳಿಯುವುದು ಒಂದೇ ಫಾಸ್ಫೇಟ್. ಎಕ್ಸ್‌ಆರ್‌ಎನ್-1 ಎಂಬ ಇನ್ನೊಂದು ಕಿಣ್ವಕ್ಕೆ ಬೇಕಾದದ್ದೂ ಆ ಒಂಟಿ ಫಾಸ್ಫೇಟೇ. ಅದು ಸಿಕ್ಕಿದೊಡನೆ ಆರ್‌ಎನ್‌ಎಯ ಅಕ್ಷರಗಳನ್ನು ಒಂದೊಂದಾಗಿ ಕಳಚುತ್ತಾ ಹೋಗುತ್ತದೆ. ಟೋಪಿ ಇದ್ದರೆ ಮುಟ್ಟಲಾರದು. ಡಿಸಿಪಿ-2 ಕೂಡ ಕಂಡಕಂಡಲ್ಲಿ ಕತ್ತರಿ ಆಡಿಸುವುದಿಲ್ಲ. ಒಂಟಿಯಾಗಿದ್ದಾಗ ಅದು ಬಲು ಮಂದ. ಡಿಸಿಪಿ-1, ಇಡಿಸಿ-4 ಮುಂತಾದ ಪ್ರೋಟೀನುಗಳು ಜೊತೆಗೂಡಿದಾಗಲೇ ಚುರುಕಾಗುತ್ತದೆ. ಮನುಷ್ಯರ ಈ ಕಿಣ್ವವನ್ನು ವಿಜ್ಞಾನಿಗಳು ಗುರುತಿಸಿದ್ದು 2002ರಲ್ಲಿ.

ಈ ಅಳಿಸುವಿಕೆ ನಿಂತರೆ ಏನಾಗುತ್ತದೆ? ಸೋಂಕು ತಗುಲಿದಾಗ ನಮ್ಮ ರಕ್ಷಣಾ ಕೋಶಗಳು ಟಿಎನ್‌ಎಫ್ ಎಂಬ ಪ್ರೋಟೀನನ್ನು ಹೊರಹಾಕುತ್ತವೆ. ಜ್ವರಕ್ಕೂ ಉರಿಯೂತಕ್ಕೂ ಅದು ಕಾರಣ. ಅದರ ಎಂಆರ್‌ಎನ್‌ಎಯಲ್ಲಿ "ನನ್ನನ್ನು ಬೇಗ ಅಳಿಸಿ" ಎನ್ನುವಂಥ ಗುರುತು ಇದೆ. ಟಿಟಿಪಿ ಎಂಬ ಪ್ರೋಟೀನ್ ಆ ಗುರುತನ್ನು ಹಿಡಿದು, ಬಾಲ ಕತ್ತರಿಸುವ ಮತ್ತು ಟೋಪಿ ತೆಗೆಯುವ ತಂಡಗಳನ್ನು ಕರೆತರುತ್ತದೆ. 1996ರಲ್ಲಿ ಅಮೆರಿಕದ ಸಂಶೋಧಕರು ಟಿಟಿಪಿ ಇಲ್ಲದ ಇಲಿಗಳನ್ನು ಬೆಳೆಸಿದರು. ಹುಟ್ಟಿದಾಗ ಅವು ಸರಿಯಾಗಿಯೇ ಇದ್ದವು. ಆಮೇಲೆ ಸೊರಗಿದವು, ಕೀಲುಗಳು ಊದಿಕೊಂಡವು. ಟಿಎನ್‌ಎಫ್ ತಡೆಯುವ ಪ್ರತಿಕಾಯ ಕೊಟ್ಟಾಗ ಈ ತೊಂದರೆಗಳು ಬಹುಮಟ್ಟಿಗೆ ತಪ್ಪಿದವು. ನಮ್ಮಲ್ಲಿ ಸಂಧಿವಾತದಿಂದ ನರಳುವವರಿಗೆ ವೈದ್ಯರು ಬರೆದುಕೊಡುವ ಕೆಲವು ಚುಚ್ಚುಮದ್ದುಗಳು ತಡೆಯುವುದೂ ಇದೇ ಟಿಎನ್‌ಎಫ್ ಅನ್ನು. ಸಂದೇಶವನ್ನು ಸಕಾಲಕ್ಕೆ ಅಳಿಸುವುದೂ ಅದನ್ನು ಬರೆಯುವಷ್ಟೇ ಮುಖ್ಯವಾದ ಕೆಲಸವೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ನಿಮ್ಮ ಮಗನ ವಿಷಯದಲ್ಲಿ ಭಯ ಬೇಡ. ಲಸಿಕೆಯ ಎಂಆರ್‌ಎನ್‌ಎಗೂ ಟೋಪಿ, ಬಾಲ ಎರಡೂ ಇವೆ. ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಕೆರಳದಿರಲೆಂದೂ ಅದು ತುಸು ಹೆಚ್ಚು ಕಾಲ ಬಾಳಲೆಂದೂ ಅದರ ಅಕ್ಷರಗಳನ್ನೂ ಮಾರ್ಪಡಿಸಿರುತ್ತಾರೆ. ಅಂಥ ಮಾರ್ಪಾಡಿನ ದಾರಿ ತೋರಿಸಿದ ಕಟಲಿನ್ ಕಾರಿಕೊ ಮತ್ತು ಡ್ರ್ಯೂ ವೈಸ್‌ಮನ್ ಅವರಿಗೆ 2023ರ ನೊಬೆಲ್ ಬಂತು. ಆದರೂ ಅದರ ಬಹುಪಾಲು ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ. ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಅದರ ಅಂಶ ಕೆಲವು ವಾರ ಕಂಡದ್ದುಂಟು; ಜೀವಮಾನವಿಡೀ ಉಳಿಯುವ ವಸ್ತು ಅದಲ್ಲ.

ಇನ್ನು ಔಷಧದ ಮಾತು. ನಿಮ್ಮ ಯೋಚನೆ ತಳಬುಡವಿಲ್ಲದ್ದೇನಲ್ಲ. ಆರ್‌ಎನ್‌ಎ ಒಡೆದ ಮೇಲೆ ಉಳಿಯುವ ಟೋಪಿಯ ಚೂರುಗಳನ್ನು ವಿಲೇವಾರಿ ಮಾಡುವ ಡಿಸಿಪಿಎಸ್ ಎಂಬ ಬೇರೊಂದು ಕಿಣ್ವವಿದೆ. ಮಕ್ಕಳ ಸ್ನಾಯುಗಳನ್ನು ಕುಗ್ಗಿಸುವ ಎಸ್‌ಎಂಎ ಕಾಯಿಲೆಗೆಂದು ಅದನ್ನು ತಡೆಯುವ ಔಷಧ ತಯಾರಿಸಿ ಪರೀಕ್ಷಿಸಿದಾಗ, ಕಾಯಿಲೆಯ ಇಲಿಗಳ ಆಯಸ್ಸು ಹೆಚ್ಚಿತು. ಆದರೆ ಇದೇ ಕಿಣ್ವದ ಜೀನ್ ತಂದೆತಾಯಿ ಇಬ್ಬರಿಂದಲೂ ಕೆಟ್ಟ ರೂಪದಲ್ಲಿ ಬಂದ ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದೆಂದು 2015ರಲ್ಲಿ ವರದಿಯಾಯಿತು. ಹಾಗಿರುವಾಗ, ಅಷ್ಟೊಂದು ಎಂಆರ್‌ಎನ್‌ಎಗಳ ಹಣೆಬರಹ ನಿರ್ಧರಿಸುವ ಡಿಸಿಪಿ-2 ಅನ್ನು ಇಡೀ ದೇಹದಲ್ಲಿ ತಡೆಯಿರಿ ಎಂದು ನಾನಂತೂ ಹೇಳಲಾರೆ.

— ಸಂಪಾದಕ