ರಾಲಿ ಪ್ರದೇಶದ ಜನಸಂಖ್ಯೆ ಇಷ್ಟು ಬೇಗ ಬೆಳೆಯುತ್ತಿದೆಯಲ್ಲ, ಬೇರೆ ಊರಿನ ಮೇಜರ್ ಲೀಗ್ ಬೇಸ್‌ಬಾಲ್ ತಂಡ ಇಲ್ಲಿಗೆ ಬರಬಹುದೇ?

ಬೇರೆ ಊರಿನಿಂದ ಎದ್ದು ಬರುವ ತಂಡದ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಲೀಗ್ 30ರಿಂದ 32 ತಂಡಗಳಿಗೆ ಹಿಗ್ಗಿದರೆ ಹೊಸ ತಂಡ ಸಿಗುವ ಸಾಧ್ಯತೆ ಅದಕ್ಕಿಂತ ವಾಸಿ. ಆದರೆ ಅಲ್ಲೂ ರಾಲಿ ಇರುವ ನಾರ್ತ್ ಕ್ಯಾರೊಲೈನಾ ರಾಜ್ಯ ಸಾಲಿನ ಮುಂದೆ ನಿಂತಿಲ್ಲ. ನೀವು ರಾಲಿ ಪಕ್ಕದ ಕ್ಯಾರಿಯಲ್ಲಿದ್ದು ವರ್ಷಕ್ಕೊಂದು ಹೊಸ ಬಡಾವಣೆ ಏಳುವುದನ್ನು ನೋಡಿ ಕೇಳಿದ್ದೀರಿ, ಹಾಗಾಗಿ ಜನಸಂಖ್ಯೆ ಈ ಲೆಕ್ಕದಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಸ್ಥಳಾಂತರದ ವಿಷಯ. 1972ರಲ್ಲಿ ವಾಷಿಂಗ್ಟನ್ ಸೆನೆಟರ್ಸ್ ಟೆಕ್ಸಾಸ್‌ಗೆ ಹೋಯಿತು. ಆಮೇಲೆ 2005ರವರೆಗೆ ಒಂದು ತಂಡವೂ ಊರು ಬಿಡಲಿಲ್ಲ. ಆ ವರ್ಷ ಮಾಂಟ್ರಿಯಲ್ ಎಕ್ಸ್‌ಪೋಸ್ ವಾಷಿಂಗ್ಟನ್‌ಗೆ ಬಂತು. ಈಗ ಓಕ್ಲೆಂಡ್‌ನಲ್ಲಿದ್ದ ಅಥ್ಲೆಟಿಕ್ಸ್ ತಂಡ ಲಾಸ್ ವೇಗಸ್ ದಾರಿಯಲ್ಲಿದೆ. ಐವತ್ತು ವರ್ಷ ದಾಟಿದ ಅವಧಿಯಲ್ಲಿ ಇಷ್ಟೇ. ಬೇಸ್‌ಬಾಲ್‌ಗೆ 1922ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ವಿನಾಯಿತಿ ಇರುವುದು ಇದಕ್ಕೊಂದು ಮುಖ್ಯ ಕಾರಣ. ಲೀಗ್ ತಡೆಯಬಲ್ಲದು, ಹಾಗಾಗಿ ಮಾಲೀಕನೊಬ್ಬ ತನ್ನಷ್ಟಕ್ಕೆ ಗಂಟುಮೂಟೆ ಕಟ್ಟುವ ಹಾಗಿಲ್ಲ. ಮಾಲೀಕರ ಮುಕ್ಕಾಲು ಪಾಲು ಮತ, ಅಂದರೆ 30ರಲ್ಲಿ 23 ಬೇಕು. ಅಥ್ಲೆಟಿಕ್ಸ್ ಹಿಂದೆ ಹೋಗಬೇಕೆಂದಿದ್ದದ್ದು ಸ್ಯಾನ್ ಹೋಸೆಗೆ. ಹತ್ತು ಲಕ್ಷ ಜನರ ಊರು, ಸಿಲಿಕಾನ್ ವ್ಯಾಲಿಯ ದುಡ್ಡು. ಆದರೆ ಸ್ಯಾಂಟಾ ಕ್ಲಾರಾ ಕೌಂಟಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಹಕ್ಕಿನ ಪ್ರದೇಶವಾದ್ದರಿಂದ ಆಗಲಿಲ್ಲ. ಸ್ಯಾನ್ ಹೋಸೆ ನಗರ 2013ರಲ್ಲಿ ದಾವೆ ಹೂಡಿ, 2015ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತಿತು.

ಈಗ ನಿಮ್ಮ ಊರಿನ ಅಂಕಿ. ರಾಲಿ, ಕ್ಯಾರಿ ಇರುವ ವೇಕ್ ಕೌಂಟಿಯಲ್ಲಿ 2000ದ ಜನಗಣತಿಯಲ್ಲಿ 6.28 ಲಕ್ಷ ಜನರಿದ್ದರು, 2010ರಲ್ಲಿ 9 ಲಕ್ಷ, 2020ರಲ್ಲಿ 11.29 ಲಕ್ಷ. ಏರಿಕೆ ನಿಜಕ್ಕೂ ದೊಡ್ಡದು. ಆದರೆ ಪಟ್ಟಿ ಹೋಲಿಸುವಾಗ ಒಂದು ಎಡವಟ್ಟು ಆಗುತ್ತದೆ: ಜನ ಕೆಲಸಕ್ಕೆ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬುದರ ಮೇಲೆ ಕೇಂದ್ರ ಸರ್ಕಾರ ಮಹಾನಗರ ಪ್ರದೇಶಗಳ ಗಡಿ ಹಾಕುತ್ತದೆ, ಆ ಲೆಕ್ಕದಲ್ಲಿ ರಾಲಿ-ಕ್ಯಾರಿ ಒಂದು, ಡರ್ಹಮ್-ಚಾಪೆಲ್ ಹಿಲ್ ಇನ್ನೊಂದು. 2020ರಲ್ಲಿ ಮೊದಲನೆಯದು 14.1 ಲಕ್ಷ, ಎರಡನೆಯದು 6.5 ಲಕ್ಷ. ಬರೀ ರಾಲಿ ನೋಡಿದವರು ‘ಚಿಕ್ಕ ಊರು’ ಎನ್ನುತ್ತಾರೆ, ಎರಡನ್ನೂ ಕೂಡಿಸಿದವರು ‘ಸಾಕಷ್ಟು ದೊಡ್ಡದು’ ಎನ್ನುತ್ತಾರೆ. ಕೂಡಿಸುವುದೇ ಸರಿ. ಟಿವಿ ಮಾರುಕಟ್ಟೆಯ ಪಟ್ಟಿ ಎರಡನ್ನೂ ಒಂದಾಗಿಯೇ ನೋಡುತ್ತದೆ, ಮತ್ತು ಆ ಪಟ್ಟಿಯಲ್ಲಿ ರಾಲಿ-ಡರ್ಹಮ್ ಈಗಾಗಲೇ ತಂಡವಿರುವ ಕ್ಯಾನ್ಸಸ್ ಸಿಟಿ, ಸಿನ್ಸಿನಾಟಿ, ಮಿಲ್ವಾಕಿಗಳಿಗಿಂತ ಮೇಲಿದೆ. ಹಾಗಾಗಿ ಜನ ಸಾಲದು ಎಂಬ ವಾದ ನಿಲ್ಲುವುದಿಲ್ಲ.

ತೊಡಕು ಬೇರೆ ಕಡೆ ಇದೆ. ಬೇಸ್‌ಬಾಲ್ ತಂಡ ತವರಿನಲ್ಲಿ ವರ್ಷಕ್ಕೆ 81 ಪಂದ್ಯ ಆಡುತ್ತದೆ, ಬಹುಪಾಲು ವಾರದ ದಿನಗಳ ಸಂಜೆ. (ಐಪಿಎಲ್ ತಂಡಕ್ಕೆ ತವರಿನಲ್ಲಿ ಏಳು ಲೀಗ್ ಪಂದ್ಯ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.) ಪಂದ್ಯಕ್ಕೆ 25,000 ಜನ ಬರಬೇಕೆಂದರೆ 20.25 ಲಕ್ಷ ಟಿಕೆಟ್ ಮಾರಬೇಕು. ರಾಲಿ-ಡರ್ಹಮ್‌ನ ಒಟ್ಟು ಜನ ಸುಮಾರು 20.6 ಲಕ್ಷ, ಅಂದರೆ ಹಸುಗೂಸಿನಿಂದ ಮುದುಕರವರೆಗೆ ತಲೆಗೊಂದು ಟಿಕೆಟ್. ಆಗುವುದೇ ಇಲ್ಲ ಎಂದೇನಲ್ಲ. ಮಿಲ್ವಾಕಿಯಲ್ಲಿ 15.7 ಲಕ್ಷ ಜನ. 2023ರಲ್ಲಿ ಅಲ್ಲಿನ ಬ್ರೂವರ್ಸ್ ತಂಡ 25.5 ಲಕ್ಷ ಟಿಕೆಟ್ ಮಾರಿತು. ಅದೇ ವರ್ಷ 61 ಲಕ್ಷ ಜನರ ಮಯಾಮಿಯಲ್ಲಿ ಮಾರ್ಲಿನ್ಸ್ ಮಾರಿದ್ದು ಬರೀ 11.6 ಲಕ್ಷ. ಇವೆರಡನ್ನು ನೋಡಿದ ಮೇಲೆ ಜನಸಂಖ್ಯೆಯೊಂದನ್ನೇ ಹಿಡಿದು ವಾದಿಸುವುದು ನನಗೆ ಸರಿ ಕಾಣುವುದಿಲ್ಲ.

ವಾರದ ದಿನ ಸಂಜೆ ಏಳರ ಹೊತ್ತಿಗೆ ಅರ್ಧ ಗಂಟೆಯಲ್ಲಿ ಕ್ರೀಡಾಂಗಣ ಮುಟ್ಟಬಲ್ಲವರು ಎಷ್ಟು ಎಂದು ಎಣಿಸಬೇಕು. ಟ್ಯಾಂಪಾ ಬೇ ಇದಕ್ಕೆ ಒಳ್ಳೆಯ ಪಾಠ. 31.7 ಲಕ್ಷ ಜನ, ಬೆಳೆಯುತ್ತಿರುವ ಪ್ರದೇಶ, 2008 ಮತ್ತು 2020ರಲ್ಲಿ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಆಡಿದ ತಂಡ. ಆದರೂ ರೇಸ್ ತಂಡದ ಕುರ್ಚಿಗಳು ಖಾಲಿ, ಏಕೆಂದರೆ ಕ್ರೀಡಾಂಗಣ ಇರುವುದು ಕೊಲ್ಲಿಯ ಆಚೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಜನರ ದೊಡ್ಡ ಪಾಲು ಸೇತುವೆಯ ಈಚೆ. ನಿಮ್ಮಲ್ಲೂ ಬೆಳವಣಿಗೆ ಆಗುತ್ತಿರುವುದು ಅಂಚುಗಳಲ್ಲಿ: ಹಾಲಿ ಸ್ಪ್ರಿಂಗ್ಸ್, ಫ್ಯೂಕ್ವೇ-ವರೀನಾ, ಜಾನ್ಸ್ಟನ್ ಕೌಂಟಿ. ಡರ್ಹಮ್-ಆರೆಂಜ್ ಲೈಟ್ ರೈಲ್ ಯೋಜನೆ 2019ರಲ್ಲೇ ಬಿದ್ದುಹೋಯಿತು. ಎಲ್ಲರೂ ಕಾರಿನಲ್ಲೇ ಬರಬೇಕು, ಅದೂ ಐ-40 ಹೆದ್ದಾರಿಯಲ್ಲಿ, ಕಚೇರಿ ಬಿಡುವ ಹೊತ್ತಿಗೆ. ಇನ್ನು ಹೊರಗಿನಿಂದ ಬಂದವರು ತಮ್ಮ ತಂಡವನ್ನೂ ಜೊತೆಗೆ ತಂದಿರುತ್ತಾರೆ: ನ್ಯೂಜೆರ್ಸಿಯವರು ನ್ಯೂಯಾರ್ಕ್‌ನ ಯಾಂಕೀಸ್ ತಂಡ ಬಂದ ದಿನ ಬರುತ್ತಾರೆ, ಮಾರಿಸ್‌ವಿಲ್‌ನಲ್ಲಿ ಮನೆ ಮಾಡಿದ ನಮ್ಮವರು ಚರ್ಚ್ ಸ್ಟ್ರೀಟ್ ಪಾರ್ಕಿನ ಕ್ರಿಕೆಟ್‌ಗೆ. ಇವರ ಮಕ್ಕಳು ಇಲ್ಲೇ ಬೆಳೆದು ಈ ಊರಿನ ತಂಡದ ಟೋಪಿ ಹಾಕುವ ಹೊತ್ತಿಗೆ ಒಂದು ತಲೆಮಾರು ಕಳೆದಿರುತ್ತದೆ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆಯೇ ಕೊನೆಗೆ ತೀರ್ಮಾನಿಸುತ್ತದೆ. ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿ 1990ರಲ್ಲಿ 7.4 ಲಕ್ಷದಿಂದ 2020ಕ್ಕೆ 22.6 ಲಕ್ಷಕ್ಕೆ ಏರಿತು, ನಿಜ. ಆದರೂ ಓಕ್ಲೆಂಡ್ ಸುತ್ತಲಿನ ಬೇ ಏರಿಯಾ ಅದಕ್ಕಿಂತ ಎಷ್ಟೋ ದೊಡ್ಡ ಮಾರುಕಟ್ಟೆ. ಅಥ್ಲೆಟಿಕ್ಸ್ ಚಿಕ್ಕದಕ್ಕೆ ಹೋಗುತ್ತಿರುವುದು ನೆವಾಡಾ ಶಾಸನಸಭೆ 2023ರ ಜೂನ್‌ನಲ್ಲಿ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಒಪ್ಪಿದ್ದರಿಂದ, ಲೀಗ್ ಸ್ಥಳಾಂತರ ಶುಲ್ಕ ಮನ್ನಾ ಮಾಡಿದ್ದರಿಂದ. 2028ರವರೆಗೆ ಆ ತಂಡ ಸ್ಯಾಕ್ರಮೆಂಟೊ ಪಕ್ಕದ, ಸುಮಾರು 14,000 ಜನ ಹಿಡಿಸುವ, ಕೆಳಹಂತದ ಮೈನರ್ ಲೀಗ್ ಮೈದಾನದಲ್ಲಿ ಆಡಬೇಕು. ನಿಮ್ಮ ಹಾಕಿ ತಂಡವೂ ಇಂಥದ್ದನ್ನು ಅನುಭವಿಸಿದೆ: 1997ರಲ್ಲಿ ಹಾರ್ಟ್‌ಫರ್ಡ್‌ನಿಂದ ಬಂದ ಹರಿಕೇನ್ಸ್ ಮೊದಲೆರಡು ಸೀಸನ್ ಗ್ರೀನ್ಸ್‌ಬರೋದಲ್ಲಿ ಖಾಲಿ ಕುರ್ಚಿಗಳ ಮುಂದೆ ಆಡಿತು.

ಹೊಸ ತಂಡಕ್ಕೆ ಪೈಪೋಟಿ ನಡೆಸುತ್ತಿರುವ ಸಾಲ್ಟ್ ಲೇಕ್ ಸಿಟಿಯನ್ನು ನೋಡಿ. 2020ರಲ್ಲಿ 12.6 ಲಕ್ಷ ಜನ, ರಾಲಿಗಿಂತಲೂ ಚಿಕ್ಕದು. ಆದರೆ ಅಲ್ಲಿ ದುಡ್ಡಿರುವ ಮಾಲೀಕ ಕುಟುಂಬವಿದೆ, ಜಾಗವಿದೆ, ತಂಡ ಸಿಕ್ಕರೆ 90 ಕೋಟಿ ಡಾಲರ್‌ವರೆಗೆ ಕೊಡುವ 2024ರ ಕಾನೂನಿದೆ. ಪೋರ್ಟ್‌ಲ್ಯಾಂಡ್‌ಗಾಗಿ ಆರೆಗನ್ 2025ರಲ್ಲಿ 80 ಕೋಟಿ ಡಾಲರ್‌ವರೆಗಿನ ಬಾಂಡ್‌ಗೆ ಒಪ್ಪಿತು. ನ್ಯಾಶ್‌ವಿಲ್ ಕೂಡ ಪೈಪೋಟಿಯಲ್ಲಿದೆ. ವೇಕ್ ಕೌಂಟಿಯ ಕೈಯಲ್ಲಿರುವುದು ಹೋಟೆಲ್ ವಾಸದ ಮೇಲಿನ ಶೇ 6 ಮತ್ತು ಹೋಟೆಲ್-ರೆಸ್ಟೋರೆಂಟ್ ಊಟದ ಮೇಲಿನ ಶೇ 1 ತೆರಿಗೆ. ಅದರಿಂದ ಸುಮಾರು 30 ಕೋಟಿ ಡಾಲರ್ ಹರಿಕೇನ್ಸ್ ಆಡುವ ಲೆನೊವೊ ಸೆಂಟರ್‌ನ ನವೀಕರಣಕ್ಕೆ ಈಗಾಗಲೇ ಮೀಸಲಾಗಿದೆ. ಬೇಸ್‌ಬಾಲ್‌ಗೆ ಹೊಸ ತೆರಿಗೆ ಬೇಕಾಗುತ್ತದೆ. ನಾರ್ತ್ ಕ್ಯಾರೊಲೈನಾದವರು ಅಂಥದ್ದಕ್ಕೆ ಹಿಂದೊಮ್ಮೆ ಬೇಡ ಎಂದಿದ್ದಾರೆ: 1998ರಲ್ಲಿ ಮಿನೆಸೋಟ ಟ್ವಿನ್ಸ್ ತಂಡವನ್ನು ಗ್ರೀನ್ಸ್‌ಬರೋ-ವಿನ್ಸ್ಟನ್ ಸೇಲಂ ಭಾಗಕ್ಕೆ ತರಲು ಹೊರಟಾಗ ಅಲ್ಲಿನ ಎರಡು ಕೌಂಟಿಗಳ ಮತದಾರರು ತೆರಿಗೆಯನ್ನು ತಿರಸ್ಕರಿಸಿದರು. ಟ್ವಿನ್ಸ್ ಇವತ್ತಿಗೂ ಮಿನೆಸೋಟದಲ್ಲೇ ಇದೆ.

ಇದೇ ರಾಜ್ಯದ ಷಾರ್ಲಟ್ 26.6 ಲಕ್ಷ ಜನರ ಪ್ರದೇಶ, ಅದೂ ತಂಡ ಕೇಳುತ್ತದೆ. ಒಂದೇ ರಾಜ್ಯಕ್ಕೆ ಎರಡು ತಂಡ ಈ ಸುತ್ತಿನಲ್ಲಿ ಸಿಗಲಾರದು. 2024ರಲ್ಲಿ ಆ ನಗರ ತನ್ನ ಫುಟ್‌ಬಾಲ್ ಕ್ರೀಡಾಂಗಣಕ್ಕೆ 65 ಕೋಟಿ ಡಾಲರ್ ಒಪ್ಪಿಕೊಂಡಿರುವುದು ರಾಲಿಗೆ ಸ್ವಲ್ಪ ಅನುಕೂಲ ಎಂದು ನನ್ನ ಅಂದಾಜು.

ಟಿವಿ ಹಕ್ಕನ್ನು ಸುದ್ದಿಗಳಲ್ಲಿ ಯಾರೂ ಹೇಳುವುದಿಲ್ಲ, ಆದರೆ ಜಗಳ ಅಲ್ಲೇ ಆಗುವುದು. ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ತಂಡಗಳ ಪ್ರಸಾರ ಪ್ರದೇಶ ಷಾರ್ಲಟ್‌ವರೆಗೂ ಚಾಚಿದೆ. ರಾಲಿಗೆ ತಂಡ ಕೊಟ್ಟರೆ ಆ ಪ್ರದೇಶವನ್ನು ಕತ್ತರಿಸಬೇಕು, ಪರಿಹಾರ ಕಟ್ಟಬೇಕು. 2005ರಲ್ಲಿ ವಾಷಿಂಗ್ಟನ್‌ಗೆ ತಂಡ ಬಂದಾಗ ಬಾಲ್ಟಿಮೋರ್ ಮಾಲೀಕರನ್ನು ಸಮಾಧಾನಪಡಿಸಲು ಮಾಡಿದ ಟಿವಿ ಒಪ್ಪಂದದ ವ್ಯಾಜ್ಯ ತೀರಿದ್ದು 2025ರಲ್ಲಿ.

‘ತಂಡ ರಾಲಿಗೆ ಬರುತ್ತಂತೆ’ ಎಂಬ ಸುದ್ದಿ ಕಂಡಾಗ ಮೊದಲು ಆ ತಂಡದ ಈಗಿನ ಕ್ರೀಡಾಂಗಣದ ಗುತ್ತಿಗೆ ಯಾವಾಗ ಮುಗಿಯುತ್ತದೆ ನೋಡಿ. ಮುಗಿಯಲು ಎರಡು-ಮೂರು ವರ್ಷ ಉಳಿದು, ಅದೇ ಹೊತ್ತಿಗೆ ಮಾಲೀಕ ತನ್ನ ಊರಿನ ಸರ್ಕಾರದ ಜೊತೆ ದುಡ್ಡಿನ ಮಾತುಕತೆಯಲ್ಲಿದ್ದರೆ, ನಿಮ್ಮ ಊರು ಚೌಕಾಸಿಯ ಸಾಮಾನು ಅಷ್ಟೇ. 1988ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗುತ್ತೇನೆಂದು ಹೆದರಿಸಿ ಇಲಿನಾಯ್ ಸರ್ಕಾರದಿಂದ ಹೊಸ ಕ್ರೀಡಾಂಗಣ ಗಿಟ್ಟಿಸಿಕೊಂಡಿತು. ತಂಡವಿಲ್ಲದೆ ಕಟ್ಟಿದ ಸೇಂಟ್ ಪೀಟರ್ಸ್‌ಬರ್ಗ್‌ನ ಗುಮ್ಮಟದ ಕ್ರೀಡಾಂಗಣ 1990ರಲ್ಲಿ ತೆರೆದು ಬೇಸ್‌ಬಾಲ್ ತಂಡಕ್ಕಾಗಿ 1998ರವರೆಗೆ ಕಾಯಿತು.

ಲೀಗ್ ಮತ್ತು ಆಟಗಾರರ ಒಪ್ಪಂದ ಮುಗಿಯುವುದು 2026ರ ಡಿಸೆಂಬರ್ 1ಕ್ಕೆ. ಹೊಸದು ಆಗುವ ತನಕ ವಿಸ್ತರಣೆಯ ಮಾತು ಮುಂದೆ ಹೋಗುವುದು ಕಷ್ಟ. ಆಯುಕ್ತ ರಾಬ್ ಮ್ಯಾನ್‌ಫ್ರೆಡ್ 2029ರ ಜನವರಿಯಲ್ಲಿ ನಿವೃತ್ತರಾಗುವ ಮೊದಲು ಎರಡು ಊರುಗಳನ್ನು ಆರಿಸುವ ಇಚ್ಛೆ ಹೇಳಿಕೊಂಡಿದ್ದಾರೆ. 1998ರಲ್ಲಿ ಹೊಸ ತಂಡದ ಶುಲ್ಕ 13 ಕೋಟಿ ಡಾಲರ್ ಇತ್ತು. ಈಗ 200 ಕೋಟಿ ಮೀರುವ ಮಾತಿದೆ, ಕ್ರೀಡಾಂಗಣದ ಖರ್ಚು ಬೇರೆ. ಅಷ್ಟು ಹಣವಿರುವವರು ಹೆಸರು ಹೇಳಿಕೊಂಡು ಮುಂದೆ ಬಂದು, ಜಾಗದ ಕರಾರು ಮಾಡಿಕೊಂಡು, ರಾಲಿಯ ಶಾಸನಸಭೆಯಲ್ಲಿ ಮಸೂದೆಯೊಂದು ಮಂಡನೆಯಾದರೆ ಆಗ ಗಂಭೀರವಾಗಿ ತೆಗೆದುಕೊಳ್ಳಿ. ಜನಗಣತಿ ಇಲಾಖೆ ಪ್ರತಿ ಮಾರ್ಚ್‌ನಲ್ಲಿ ಬಿಡುವ ಹೊಸ ಅಂದಾಜಿನಲ್ಲಿ ವೇಕ್ ಕೌಂಟಿ ಇನ್ನೆಷ್ಟು ಏರಿತು ಎಂಬುದು ಅದಕ್ಕಿಂತ ಆಮೇಲಿನ ಮಾತು.